ಹಳೆ ಬೆಳ್ಳಿ ತಕ್ಕಡಿಗೆ ಹೋಗುವ ಮುನ್ನ

ಕಟ್ಟೆಮಳಲವಾಡಿ, ಚಿಲ್ಕುಂದದಲ್ಲಿ ಹೊಗೆಸೊಪ್ಪಿನ ಹರಾಜು ನಡೆದು ಕೈಗೆ ನಾಲ್ಕು ಕಾಸು ಬಂತೆಂದರೆ ನಮ್ಮ ಹನಗೋಡು ಕಡೆಯವರು ಹುಣಸೂರಿನ ಬೆಳ್ಳಿ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಮದುವೆಗೊಂದು ದೀಪದ ಜೋಡಿ, ಗೃಹಪ್ರವೇಶಕ್ಕೊಂದು ಆರತಿ ತಟ್ಟೆ. ಬರಿಗೈಲಿ ಹೋಗುವವರು ಕಡಿಮೆ, ಚೀಲದ ತಳದಲ್ಲಿ ಹಳೆ ಬಟ್ಟೆಯ ಗಂಟೊಂದು ಇದ್ದೇ ಇರುತ್ತದೆ. ಅದರಲ್ಲಿ ಅಜ್ಜಿಯ ಕುಂಕುಮದ ಭರಣಿ, ತಗ್ಗುಬಿದ್ದ ಬಟ್ಟಲು, ಕರಿಬಡಿದ ಗಂಟೆ. "ಇದನ್ನ ಹಾಕ್ಕೊಂಡು ಹೊಸದು ಕೊಡಿ." ಐದು ನಿಮಿಷದಲ್ಲಿ ವ್ಯವಹಾರ ಮುಗಿಯುತ್ತದೆ. ಆ ಐದು ನಿಮಿಷಕ್ಕೆ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸಗಳ ಬಗ್ಗೆಯೇ ಈ ಬರಹ.

ಇದನ್ನು ಬರೆಯಲು ಕಾರಣ ನಮ್ಮ ಅಜ್ಜನ ಕರಡಿಗೆ, ಅಂದರೆ ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿ ಡಬ್ಬಿ. ಅಜ್ಜ ಲಿಂಗೈಕ್ಯರಾದಾಗ ಕೊರಳಲ್ಲಿದ್ದ ಇಷ್ಟಲಿಂಗ ಅವರ ಕೈಯಲ್ಲೇ ಸಮಾಧಿಗೆ ಹೋಯಿತು. ಬೆಳ್ಳಿ ಕರಡಿಗೆ ಮಾತ್ರ ಮನೆಯಲ್ಲಿ ಉಳಿಯಿತು. ಚಿಕ್ಕಪ್ಪ ಅದನ್ನು ಹಳೆ ಪೇಪರಿನಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿನ ತಳಕ್ಕೆ ಇಟ್ಟರು. ಎಂಟು ವರ್ಷದ ಮೇಲೆ ತೆಗೆದರೆ ರಬ್ಬರ್ ಕರಗಿ ಅಂಟಾಗಿತ್ತು. ಬೆರಳಲ್ಲಿ ಕೆರೆದರೆ ಎದ್ದು ಬಂತು. ಆದರೆ ಅದು ಕೂತಿದ್ದ ಜಾಗದಲ್ಲಿ, ಕರಡಿಗೆಯ ಹೊಟ್ಟೆಯ ಸುತ್ತ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ ಉಳಿಯಿತು. ಪೇಪರ್ ತಾಗಿದ ಕಡೆಯೆಲ್ಲ ಕಂದು ಛಾಯೆ. "ಕರಿ ಆಗ್ಹೋಗದೆ, ಇದನ್ನ ಹಾಕ್ಬುಟ್ಟು ಒಂದು ದೀಪ ತಕಬರವಾ" ಅಂದರು ಚಿಕ್ಕಪ್ಪ. ಅಂಗಡಿಗೆ ಹೋಗುವ ದಾರಿಯಲ್ಲಿ ಪರಿಚಯದ ಅಕ್ಕಸಾಲಿ ಆಚಾರ್ರ ಜಗುಲಿ ಸಿಕ್ಕಿತು. ಅವರು ಕರಡಿಗೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು, ಮುಚ್ಚಳ ತಿರುಗಿಸಿ, ಕೀಲು ನೋಡಿ ಒಂದೇ ಮಾತು ಹೇಳಿದರು: "ಇದ ಮಾಡಿದ ಕೈ ಈಗಿಲ್ಲ ಕಣಪ್ಪ. ಕರಗಿಸಿದ್ರೆ ನಿಮಗೆ ಸಿಗೋದು ಬರೀ ತೂಕ."

ಆಮೇಲೆ ನಾನು ಕೇಳಿ, ಓದಿ, ಕೈಯಾರೆ ಮಾಡಿ ನೋಡಿ ಕಲಿತದ್ದು ಇದು.

ಮೊದಲಿಗೆ, ನಿಮ್ಮ ಮನೆಯಲ್ಲಿರುವುದು ಏನು ಅಂತ ತಿಳಿಯಿರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಪೂಜೆಯ ಹಳೆ ಬೆಳ್ಳಿ ಹಲವು ಬಗೆಯದು. ಲಿಂಗಾಯತರ ಮನೆಯಲ್ಲಿ ಲಿಂಗ ಇಡುವ ಗುಂಡುಗಡಿಗೆ, ಚೌಕ, ಕರಡಿಗೆ. ಬ್ರಾಹ್ಮಣರ ಮನೆಯಲ್ಲಿ ಪಂಚಪಾತ್ರೆ, ಉದ್ಧರಣೆ, ಸಂಪುಟ. ಎಲ್ಲರ ಮನೆಯಲ್ಲೂ ಆರತಿ ಬಟ್ಟಲು, ಅರಿಶಿನ ಕುಂಕುಮದ ಭರಣಿ, ಲಕ್ಷ್ಮಿ ಪೂಜೆಗೆ ಇಡುವ ರಾಜನ ತಲೆಯ ರೂಪಾಯಿ. ಊರ ಗುಡಿಗೆ ಹೋದರೆ ಲಿಂಗಕ್ಕೆ ತೊಡಿಸುವ ಕೊಳಗ, ಅಮ್ಮನವರ ಮುಖವಾಡ, ಪ್ರಭಾವಳಿ, ಸತ್ತಿಗೆಯ ತುದಿಯ ಕಳಶ, ಹರಕೆಗೆ ಒಪ್ಪಿಸಿದ ಬೆಳ್ಳಿ ಕಣ್ಣು, ತೊಟ್ಟಿಲು. ಕೆ.ಆರ್. ನಗರದ ಕಡೆ ಕಪ್ಪಡಿಯ ರಾಚಪ್ಪಾಜಿ ಒಕ್ಕಲಾದರೆ ಪೂಜಿಸುವ ಕಂಡಾಯಕ್ಕೂ ಬೆಳ್ಳಿ ಹಾಕಿಸಿದವರಿದ್ದಾರೆ.

ಇವುಗಳಲ್ಲಿ ಕರಡಿಗೆಯ ಜಾತಿಯೇ ಬೇರೆ. ನಮ್ಮದನ್ನೇ ಹೇಳುತ್ತೇನೆ. ದೊಡ್ಡ ನೆಲ್ಲಿಕಾಯಿಯಷ್ಟು ಹೊಟ್ಟೆ, ಎರಡೂ ಪಕ್ಕ ಮೊನೆಯಾದ ತುದಿ, ಶಿವದಾರ ಪೋಣಿಸಲು ಎರಡು ಬಳೆ. ಹೊರಗಿನ ಹೂಬಳ್ಳಿಯನ್ನು ತಗಡಿನ ಒಳಮೈಯಿಂದ ಬಡಿದು ಉಬ್ಬಿಸಿದ್ದಾರೆ. ಬಳ್ಳಿಯ ಒಂದು ಎಲೆ ಇನ್ನೊಂದರ ಹಾಗಿಲ್ಲ, ಅಚ್ಚಿನ ಕೆಲಸವಾಗಿದ್ದರೆ ಎರಡೂ ಒಂದೇ ಥರ ಇರುತ್ತಿದ್ದವು. ಎದೆಗೆ ತಾಗುತ್ತಿದ್ದ ಪಕ್ಕದಲ್ಲಿ ಹೂವು ಸವೆದು ನುಣುಪಾಗಿದೆ. ಅದು ಅಜ್ಜನ, ಅವರಪ್ಪನ ಎದೆಯ ಸವೆತ. ಇಂಥ ಕರಡಿಗೆಗಳನ್ನು ಲಂಡನ್ನಿನ ಮ್ಯೂಸಿಯಂಗಳಲ್ಲಿ ಗಾಜಿನೊಳಗೆ ಇಟ್ಟಿದ್ದಾರೆ. ನಾವು ಟ್ರಂಕಿನಲ್ಲಿ ಇಟ್ಟಿದ್ದೇವೆ.

ಪೂಜೆಯ ಬೆಳ್ಳಿಗೆ ಸವೆತವೇ ಬೆಲೆ ಎನ್ನುವುದು ನಮ್ಮ ಸೀಮೆಯ ಮಾತು ಮಾತ್ರವಲ್ಲ. ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ತೋರಾ ಸುರುಳಿಯನ್ನು ಓದುವಾಗ ಅಕ್ಷರಕ್ಕೆ ಕೈ ತಾಗಿಸುವ ಹಾಗಿಲ್ಲ. ಅದಕ್ಕೆಂದೇ ಬೆಳ್ಳಿಯ ಕಡ್ಡಿಯೊಂದಿರುತ್ತದೆ. ತುದಿಯಲ್ಲಿ ತೋರುಬೆರಳು ಚಾಚಿದ ಪುಟ್ಟ ಕೈ. ಹೆಸರೂ ಅದೇ, ಯಾದ್, ಅಂದರೆ ಕೈ. ಸುರುಳಿಯ ಕೋಲುಗಳ ತಲೆಗೆ ಗೆಜ್ಜೆ ಕಟ್ಟಿದ ಬೆಳ್ಳಿಯ ಕಳಶ ತೊಡಿಸುತ್ತಾರೆ. ಅವಕ್ಕೆ ರಿಮ್ಮೋನಿಂ ಎಂದು ಹೆಸರು, ದಾಳಿಂಬೆಗಳು ಎಂದು ಅರ್ಥ. 1568ರಲ್ಲಿ ಕಟ್ಟಿದ ಇಂಥದೊಂದು ಮಂದಿರ, ಕೊಚ್ಚಿ ಮಟ್ಟಂಚೇರಿಯ ಪರದೇಸಿ ಸಿನಗಾಗ್, ಇವತ್ತಿಗೂ ಇದೆ. ಗುರುವಾಯೂರಿಗೆ ಹೋದವರು ಇನ್ನೊಂದು ದಿನ ಇಟ್ಟುಕೊಂಡರೆ ನೋಡಿ ಬರಬಹುದು. ಜಗತ್ತಿನ ಹರಾಜುಗಳಲ್ಲಿ ಹಳೆಯ ಯಾದ್ ಒಂದನ್ನು ಕೊಳ್ಳುವವರು ಮೊದಲು ನೋಡುವುದು ಯಾವ ಊರಿನದು, ಯಾರ ಹೆಸರಿದೆ, ಯಾರು ಕೊಟ್ಟದ್ದು ಎಂದು. ತೂಕದ ಮಾತು ಆಮೇಲೆ. ಅಂಥ ಸಾಮಾನಿನ ಮೇಲೆ ಮುದ್ರೆಯೂ ಸಿಗುತ್ತದೆ, ರಷ್ಯಾದ ಕಡೆಯ ಹಳೆ ಬೆಳ್ಳಿಯ ಮೇಲೆ ಹೆಚ್ಚಾಗಿ 84 ಎಂದಿರುತ್ತದೆ. ಅಲ್ಲಿಯ ಲೆಕ್ಕದಲ್ಲಿ 96ಕ್ಕೆ 84 ಪಾಲು ಬೆಳ್ಳಿ, ಅಂದರೆ ಸಾವಿರಕ್ಕೆ 875.

ನಮ್ಮ ಹಳ್ಳಿ ಅಕ್ಕಸಾಲಿಗರು ಮುದ್ರೆ ಒತ್ತಿದವರಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ದೊಡ್ಡ ಅಂಗಡಿಗಳ ಮಾಲಿಗೆ ಹೆಸರಿರುತ್ತಿತ್ತು, ಅದು ಹೆಚ್ಚಾಗಿ ದೊರೆಗಳ ಮನೆಗೆ ಹೋಯಿತು. ನಿಮ್ಮ ಭರಣಿಯ ತಳದಲ್ಲಿ ಗುರುತೇನೂ ಇಲ್ಲವೆಂದರೆ ಅದು ಬೆಳ್ಳಿಯಲ್ಲ ಎಂದಲ್ಲ. ಗುರುತಿನ ಬದಲು ಅಕ್ಷರ ಹುಡುಕಿ. ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು, ತವರಿನ ಊರು, ಇಸವಿ ಕಂಡರೆ ಒರೆಸಲು ಹೋಗಬೇಡಿ. ವಾಲಿಸಿ ಹಿಡಿದು, ಪಕ್ಕದಿಂದ ಬೆಳಕು ಬೀಳುವ ಹಾಗೆ ಫೋಟೊ ತೆಗೆಯಿರಿ. ಸವೆದ ಅಕ್ಷರವೂ ಓದಲು ಸಿಗುತ್ತದೆ.

ಈಗಿನ ಬೆಳ್ಳಿಗೆ ಹಾಲ್‌ಮಾರ್ಕ್ ಇದೆ. 925 ಎಂದರೆ ಸಾವಿರಕ್ಕೆ 925 ಪಾಲು, 990 ಎಂದರೆ ಹೆಚ್ಚುಕಮ್ಮಿ ಅಪ್ಪಟ. 2025ರ ಸೆಪ್ಟೆಂಬರಿನಿಂದ ಬೆಳ್ಳಿಗೂ ಆರು ಅಕ್ಷರದ ಗುರುತಿನ ಸಂಖ್ಯೆ ಬಂದಿದೆ. ಚಿನ್ನದ ಹಾಗೆ ಕಡ್ಡಾಯ ಮಾಡಿಲ್ಲ, ಆದರೂ ಹೊಸದು ಕೊಳ್ಳುವಾಗ ಕೇಳಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಹಳೆಯದಕ್ಕೆ ಬೇರೆ ಅಳತೆಗೋಲು ಬೇಕು, ಅದು ರಾಜನ ರೂಪಾಯಿ. ಬ್ರಿಟಿಷರ ಕಾಲದ ಒಂದು ರೂಪಾಯಿ ನಾಣ್ಯ ಸರಿಯಾಗಿ ಒಂದು ತೊಲ, 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಿಂದೆ ಆ ರೂಪಾಯಿಗಳನ್ನೇ ಕೊಟ್ಟು, ಕರಗಿಸಿ, ಸಾಮಾನು ಮಾಡಿಸುತ್ತಿದ್ದರು. ಅದಕ್ಕೇ ಅಜ್ಜಿಯರು "ಹತ್ತು ರೂಪಾಯಿ ತೂಕದ ಬಟ್ಟಲು" ಅನ್ನುತ್ತಿದ್ದದ್ದು. 1940ರಿಂದ ನಾಣ್ಯದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ಕ್ಕೆ ನಿಕ್ಕಲ್ ಬಂತು. ಹಾಗಾಗಿ ಆರನೇ ಜಾರ್ಜ್ ತಲೆಯ ರೂಪಾಯಿಯನ್ನೂ ವಿಕ್ಟೋರಿಯಾ ರೂಪಾಯಿಯನ್ನೂ ಒಂದೇ ದರಕ್ಕೆ ಲೆಕ್ಕ ಹಾಕಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒರೆಗಲ್ಲು ಬೇಡ, ಆಸಿಡ್ ಬೇಡ. 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಸಾಮಾನನ್ನು ಒಣಗಿದ್ದಾಗಲೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಡಬ್ಬಿ ಇಟ್ಟು ಸೊನ್ನೆಗೆ ತನ್ನಿ. ಸಾಮಾನಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗಾಳಿಗುಳ್ಳೆ ಕೂತಿದ್ದರೆ ಅಲ್ಲಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಹತ್ತು ರೂಪಾಯಿ ತೂಕದ, ಅಂದರೆ 116 ಗ್ರಾಮಿನ ನಮ್ಮ ಆರತಿ ಬಟ್ಟಲು ನೀರಲ್ಲಿ 11.2 ತೋರಿಸಿತು. ಭಾಗಿಸಿದರೆ 10.36. ಅಪ್ಪಟ ಬೆಳ್ಳಿ ಸುಮಾರು 10.5, ರೂಪಾಯಿ ಬೆಳ್ಳಿ 10.3ರ ಆಸುಪಾಸು. ತಾಮ್ರಕ್ಕೆ ಬೆಳ್ಳಿ ಲೇಪ ಕೊಟ್ಟದ್ದಾದರೆ 8.9ರ ಹತ್ತಿರ ಬರುತ್ತದೆ. ಜರ್ಮನ್ ಸಿಲ್ವರ್ ಅದಕ್ಕಿಂತಲೂ ಕೆಳಗೆ. ಆ ಹೆಸರಲ್ಲಿ ಸಿಲ್ವರ್ ಇದೆಯೇ ಹೊರತು ವಸ್ತುವಿನಲ್ಲಿಲ್ಲ, ಅದು ತಾಮ್ರ, ಸತು, ನಿಕ್ಕಲ್ಲುಗಳ ಬೆರಕೆ. ಒಳಗೆ ಅರಗು ತುಂಬಿದ ಸಾಮಾನಿಗೆ, ಮರದ ಮೇಲೆ ತಗಡು ಹೊದಿಸಿದ ಪ್ರಭಾವಳಿಗೆ, ಗಾಳಿ ಸಿಕ್ಕಿಕೊಂಡ ಟೊಳ್ಳು ಕೆಲಸಕ್ಕೆ ಈ ಪರೀಕ್ಷೆ ನಡೆಯದು. ಅವನ್ನು ಮೈಸೂರಿನಲ್ಲಿ ಟೆಸ್ಟಿಂಗ್ ಮಷಿನ್ ಇರುವ ಕಡೆ ತೋರಿಸಿ. ಕೆರೆಯದೆ, ಕರಗಿಸದೆ ಮೇಲ್ಮೈಯ ಟಚ್ ಎಷ್ಟು, ಅಂದರೆ ನೂರಕ್ಕೆ ಎಷ್ಟು ಪಾಲು ಬೆಳ್ಳಿ ಅಂತ ಚೀಟಿ ಕೊಡುತ್ತಾರೆ.

ಇನ್ನು ತೊಳೆಯುವ ವಿಚಾರ. ಹಳೆ ಬೆಳ್ಳಿಯನ್ನು ಕಳ್ಳರಿಗಿಂತ ಹೆಚ್ಚು ಹಾಳು ಮಾಡಿದವರು ಹಬ್ಬದ ಹಿಂದಿನ ದಿನ ತಿಕ್ಕಲು ಕೂತವರು. ಬೆಳ್ಳಿ ಕಪ್ಪಾಗುವುದು ತುಕ್ಕಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯೊಂದಿಗೆ ಸೇರಿ ಮೇಲೊಂದು ತೆಳು ಪೊರೆಯಾಗುತ್ತದೆ. ಮೊಟ್ಟೆ, ಈರುಳ್ಳಿ, ಉಣ್ಣೆ, ಪೇಪರ್, ರಬ್ಬರ್ ಎಲ್ಲದರಲ್ಲೂ ಗಂಧಕ ಇದೆ. ಹಲ್ಲುಪುಡಿ ಹಾಕಿ ತಿಕ್ಕಿದಾಗ ಪಳಪಳ ಹೊಳೆಯುವುದು ಆ ಪೊರೆಯ ಜೊತೆ ಬೆಳ್ಳಿಯೂ ಒಂದು ಪದರ ಹೋದದ್ದಕ್ಕೆ. ವರ್ಷಕ್ಕೆ ಹತ್ತು ಸಲದಂತೆ ಐವತ್ತು ವರ್ಷ ತಿಕ್ಕಿದರೆ ಲಕ್ಷ್ಮಿಗೆ ಮೂಗು ಉಳಿಯುವುದಿಲ್ಲ. ಹುಣಸೆಹಣ್ಣು, ಉಪ್ಪು, ನಿಂಬೆಹಣ್ಣು ಹಿತ್ತಾಳೆ, ತಾಮ್ರದ ಪಾಡು. ಅದನ್ನು ಬೆಳ್ಳಿಗೆ ತರಬೇಡಿ. ಉಪ್ಪಂತೂ ಬೆಳ್ಳಿಯ ಶತ್ರು.

ದಿನಬಳಕೆಯ ಸಾಮಾನಿಗೆ ಅಂಟುವಾಳ ನೆನೆಸಿದ ನೀರು ಅಥವಾ ಎರಡು ತೊಟ್ಟು ಪಾತ್ರೆ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರು ಸಾಕು. ಎಣ್ಣೆ, ತುಪ್ಪ, ಕರ್ಪೂರದ ಮಸಿ ಅದರಲ್ಲೇ ಬಿಡುತ್ತದೆ. ಕೆತ್ತನೆಯ ಸಂದಿಗೆ ಮಕ್ಕಳ ಮೆತ್ತನೆ ಬ್ರಷ್. ಒರೆಸಲು ಹಳೆ ಪಂಚೆಯ ತುಂಡಿಗಿಂತ ಒಳ್ಳೆಯದಿಲ್ಲ. ಜರಿ ಅಂಚು ಕತ್ತರಿಸಿ ಬಿಸಾಡಿ, ಅದು ಗೀರುತ್ತದೆ. ಕಪ್ಪು ಜಾಸ್ತಿ ಇದ್ದರೆ ನಯವಾಗಿ ಜರಡಿ ಹಿಡಿದ ವಿಭೂತಿ ಪುಡಿಯನ್ನು ನೀರಲ್ಲಿ ಕಲಸಿ ಬೆರಳಲ್ಲೇ ಮೆಲ್ಲಗೆ ಸವರಿ, ತೊಳೆಯಿರಿ. ಎರಡು ವರ್ಷಕ್ಕೊಮ್ಮೆ ಮಾಡಿದರೆ ಹೆಚ್ಚಾಯಿತು.

ಮೊಬೈಲಿನಲ್ಲಿ ಎಲ್ಲರೂ ತೋರಿಸುವ ಅಲ್ಯೂಮಿನಿಯಂ ಹಾಳೆಯ ಉಪಾಯ ಸುಳ್ಳಲ್ಲ. ಪ್ಲಾಸ್ಟಿಕ್ ಬೋಗುಣಿಗೆ ಹಾಳೆ ಹಾಸಿ, ಬಿಸಿನೀರು ಹೊಯ್ದು, ಲೀಟರಿಗೆ ಎರಡು ಚಮಚ ಅಡುಗೆ ಸೋಡ ಹಾಕಿ, ಬೆಳ್ಳಿ ಹಾಳೆಗೆ ತಾಗುವಂತೆ ಇಟ್ಟರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ಬೆಳ್ಳಿ ಸವೆಯುವುದಿಲ್ಲ. ಆದರೆ ಇದು ಚಮಚ, ಲೋಟ, ನುಣುಪು ತಟ್ಟೆಗೆ ಮಾತ್ರ. ಕೆತ್ತನೆಯ ತಗ್ಗಿನಲ್ಲಿ ಕಪ್ಪು ಉಳಿದಿದ್ದರಿಂದಲೇ ಹೂವು ಹೂವಾಗಿ ಕಾಣುವುದು. ಈ ನೀರು ಅದನ್ನೂ ತೊಳೆದುಹಾಕಿ ಕರಡಿಗೆಯನ್ನು ಬೋಳು ಮಾಡುತ್ತದೆ. ಅರಗು ತುಂಬಿದ್ದರೆ ಬಿಸಿಗೆ ಮೆತ್ತಗಾಗಿ ತಗಡು ಸಡಿಲವಾಗುತ್ತದೆ. ಹರಳು ಕೂರಿಸಿದ, ಚಿನ್ನದ ನೀರು ಕೊಟ್ಟ ಸಾಮಾನಿಗೂ ಬೇಡ. ಬಳಕೆಯಲ್ಲಿರುವ ಕರಡಿಗೆಯಾದರೆ ಲಿಂಗವನ್ನು ಹೊರಗೆ ತೆಗೆದಿಡದೆ ತೊಳೆಯಲೇಬೇಡಿ. ಲಿಂಗದ ಕಪ್ಪು ಲೇಪಕ್ಕೆ ಸೋಪಿನ ನೀರು ಆಗಿಬರುವುದಿಲ್ಲ, ಅಯ್ಯನವರನ್ನು ಕೇಳಿ ಮಾಡುವ ಕೆಲಸ ಅದು.

ನಮ್ಮ ಕರಡಿಗೆಯ ಆ ಕಪ್ಪು ಗೆರೆ? ಆಚಾರ್ರು ವಿಭೂತಿಯಲ್ಲಿ ಸ್ವಲ್ಪ ಮಂಕು ಮಾಡಿ ಕೈಬಿಟ್ಟರು. ಇನ್ನೂ ತಿಕ್ಕಿದರೆ ಬಳ್ಳಿ ಹೋಗುತ್ತದೆ ಅಂದರು. ಗೆರೆ ಇವತ್ತಿಗೂ ಇದೆ.

ಎತ್ತಿಡುವ ವಿಷಯದಲ್ಲಿ ನನಗೆ ಗುರು ಸಿಕ್ಕಿದ್ದು ನೆರೆಯಲ್ಲೇ. ನಮ್ಮ ತಾಲ್ಲೂಕಿನ ಗುರುಪುರದ ಟಿಬೆಟ್ ಕ್ಯಾಂಪ್ ನಿಮಗೆ ಗೊತ್ತು, ಗ್ಯುದ್ಮೆದ್ ಮಠ ಇರುವ ಜಾಗ. ಟಿಬೆಟನ್ನರು ದೇವರ ಮುಂದೆ ಏಳು ಬಟ್ಟಲು ಸಾಲಾಗಿ ಇಟ್ಟು ಬೆಳಿಗ್ಗೆ ನೀರು ತುಂಬುತ್ತಾರೆ. ಸಂಜೆ ನೀರು ಚೆಲ್ಲಿ, ಒಂದೊಂದನ್ನೂ ಶುಭ್ರ ಬಟ್ಟೆಯಲ್ಲಿ ಒಣಗುವ ತನಕ ಒರೆಸಿ, ಬೋರಲು ಹಾಕುತ್ತಾರೆ. ನಾವು ತೀರ್ಥದ ಬಟ್ಟಲನ್ನು ಹಾಗೇ ತುಳಸಿಯೊಂದಿಗೆ ಮಾರನೇ ದಿನದ ತನಕ ಬಿಡುತ್ತೇವೆ. ತಳದಲ್ಲಿ ಉಂಗುರದ ಹಾಗೆ ಕಲೆ ಕೂರುವುದು ಅಲ್ಲಿಂದಲೇ. ಪೂಜೆ ಮುಗಿದ ಮೇಲೆ ಒಣಗಿಸಿ ಇಡುವುದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ತೊಳೆಯುವ ಕೆಲಸ ಉಳಿಯಿತು.

ವರ್ಷಗಟ್ಟಲೆ ಇಡುವುದಾದರೆ ಒಗೆದು ಒಣಗಿಸಿದ ಬಿಳಿ ಮಲ್ಲು ಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ. ಜಿಪ್ ಇರುವ ಕವರಿಗೆ ಹಾಕಿ, ಒಳಗೆ ಎರಡು ತುಂಡು ಸೀಮೆಸುಣ್ಣ ಇಡಿ, ಅದು ತೇವ ಹೀರಿಕೊಳ್ಳುತ್ತದೆ. ಪೇಪರ್ ಬೇಡ, ಉಣ್ಣೆ ಬೇಡ, ರಬ್ಬರ್ ಅಂತೂ ಬೇಡವೇ ಬೇಡ. ಬ್ಯಾಂಕ್ ಲಾಕರಿನಲ್ಲಿ ಇಡುವವರು ಒಂದು ತಿಳಿದಿರಿ: ಒಳಗೆ ಏನಿದೆ ಎಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಕಳವು, ಬೆಂಕಿ, ಬ್ಯಾಂಕ್ ನೌಕರರ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಲಾಕರ್ ಬಾಡಿಗೆಯ ನೂರು ಪಟ್ಟಿಗೆ ಸೀಮಿತ.

ಅದಕ್ಕೇ ಪಟ್ಟಿ ಬೇಕು. ಮಕ್ಕಳ ಹಳೆ ನೋಟ್‌ಬುಕ್ ಸಾಕು. ಒಂದು ಸಾಮಾನಿಗೆ ಒಂದು ಪುಟ: ಹೆಸರು, ತೂಕ, ಎತ್ತರ, ಯಾರ ಕಾಲದ್ದು, ಯಾವ ತವರಿನಿಂದ ಬಂತು, ಎಲ್ಲಿ ತಗ್ಗಿದೆ, ಎಲ್ಲಿ ಬೆಸುಗೆ ಹಾಕಿಸಿದ್ದು. ನಾಲ್ಕು ಪಕ್ಕದ ಫೋಟೊ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು. ಕಳುವಾದಾಗ ಠಾಣೆಯಲ್ಲಿ "ಒಂದು ಬೆಳ್ಳಿ ಬಟ್ಟಲು" ಎಂದು ಬರೆಸಿದ ದೂರಿಗೂ, ತಗ್ಗು ಬಿದ್ದ ಜಾಗದ ಫೋಟೊ ಸಮೇತ ಕೊಟ್ಟ ದೂರಿಗೂ ಎಷ್ಟು ವ್ಯತ್ಯಾಸ ಎಂದು ಹೇಳಬೇಕಿಲ್ಲ. ಪಾಲಿನ ಹೊತ್ತಿನಲ್ಲೂ ಪಟ್ಟಿ ಕೆಲಸಕ್ಕೆ ಬರುತ್ತದೆ. ದೀಪದ ಜೋಡಿಯನ್ನು ಅಣ್ಣನಿಗೊಂದು ತಮ್ಮನಿಗೊಂದು ಹಂಚಿಕೊಂಡ ಮನೆಗಳನ್ನು ಕಂಡಿದ್ದೇನೆ. ತೂಕ ಸಮ ಬಂತು, ಜೋಡಿ ಹೋಯಿತು.

ಇದೇ ಮಾತು ಊರ ಗುಡಿಗೂ. ಮುಜರಾಯಿಗೆ ಸೇರಿದ್ದಾದರೆ ಒಡವೆಯ ಪಟ್ಟಿ ದಾಖಲೆಯಲ್ಲಿರಬೇಕು, ಜೀರ್ಣೋದ್ಧಾರದ ಉತ್ಸಾಹದಲ್ಲಿ ಸಮಿತಿಯವರು ತಾವೇ ಹಳೆ ಕೊಳಗ ಕರಗಿಸಿ ಹೊಸದು ಮಾಡಿಸುವ ಹಾಗಿಲ್ಲ. ಇಲಾಖೆಯ ಅನುಮತಿ ಬೇಕು. ಊರೊಟ್ಟಿನ ಗುಡಿಯಾದರೂ ಪಂಚರ ಮುಂದೆ ತೂಗಿ, ಫೋಟೊ ತೆಗೆದು, ಸಹಿ ಹಾಕಿಸಿ. ಹರಕೆಯ ಬೆಳ್ಳಿ ಕಣ್ಣುಗಳು ಬೇರೆ ಮಾತು. ಅವು ಕರಗುವುದಕ್ಕೇ ಬಂದವು, ಅದಕ್ಕೆ ಮರುಗಬೇಕಿಲ್ಲ.

ಕಾನೂನಿನ ಎರಡು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಪ್ರಾಚ್ಯವಸ್ತು. ಮನೆಯಲ್ಲಿ ಇಟ್ಟುಕೊಂಡು ಪೂಜೆ ಮಾಡಲು ಅಡ್ಡಿಯಿಲ್ಲ. ಲೋಹದ ವಿಗ್ರಹವಾದರೆ ನೋಂದಣಿ ಮಾಡಿಸಬೇಕು. ಇಂಥ ವಸ್ತುಗಳ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಇರಬೇಕು. ಮುಖ್ಯವಾದದ್ದು, ಖಾಸಗಿಯವರು ಇವನ್ನು ದೇಶದ ಹೊರಗೆ ಸಾಗಿಸುವ ಹಾಗಿಲ್ಲ, ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಅಮೆರಿಕದಲ್ಲಿರುವ ಮೊಮ್ಮಗ ಅಜ್ಜನ ಕರಡಿಗೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಮುನ್ನ ಬೆಂಗಳೂರು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಕಚೇರಿಯಲ್ಲಿ ತೋರಿಸಿ, ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರ ಸಿಗುತ್ತದೆಯೇ ಕೇಳಲಿ. ಹೊಲ ಉಳುವಾಗ ಸಿಕ್ಕಿದ ಬೆಳ್ಳಿ ನಿಮ್ಮದಲ್ಲ, ತಹಶೀಲ್ದಾರರಿಗೆ ತಿಳಿಸಿ.

ಎಲ್ಲ ಹಳೆಯದನ್ನೂ ತಬ್ಬಿಕೊಂಡು ಕೂರಿ ಅಂತ ನಾನು ಹೇಳುತ್ತಿಲ್ಲ. ಮಷಿನ್ನಿನಲ್ಲಿ ಒತ್ತಿದ ತೆಳು ತಟ್ಟೆ, ಮುರಿದ ಉಡುಗೊರೆ ಲೋಟ, ಒಂದೇ ಅಚ್ಚಿನ ಗಣಪತಿಗಳು ಹೋದರೆ ಹೋಗಲಿ. ಕಷ್ಟ ಬಂದಾಗ ಮಾರಲೆಂದೇ ಹಿರಿಯರು ಬೆಳ್ಳಿ ಮಾಡಿಸಿದ್ದು ಕೂಡ ನಿಜ. ಮಾರುವುದಾದರೆ ಲೆಕ್ಕ ಗೊತ್ತಿರಲಿ. ಮನೆಯಲ್ಲೇ ತೂಗಿಕೊಂಡು ಹೋಗಿ. ನಮ್ಮ ಅತ್ತೆಯೊಬ್ಬರು ತೂಗದೆ ಒಯ್ದ ಭರಣಿಗೆ ಪೇಟೆಯ ಅಂಗಡಿಯೊಂದರಲ್ಲಿ "ಟಚ್ ಅರವತ್ತು" ಅಂದರು, ಕರಗಿದ ಮೇಲೆ ಯಾರನ್ನು ಕೇಳುವುದು? ಟಚ್ ಪರೀಕ್ಷೆ ಕಣ್ಣೆದುರಿಗೇ ಆಗಲಿ, ಹಳೆಯದರ ದರ, ಸವಕಲು, ಹೊಸದರ ಮಜೂರಿ ಮೂರನ್ನೂ ಬೇರೆಬೇರೆ ಬರೆದುಕೊಡಲಿ. ಕೈಕೆಲಸದ ಸಾಮಾನಾದರೆ ಎರಡನೇ ಅಂಗಡಿಯಲ್ಲೂ ಕೇಳಿ. ಇಡಿಯಾಗಿ ಕೊಳ್ಳುವವರು ತೂಕಕ್ಕಿಂತ ಹೆಚ್ಚು ಕೊಡಬಹುದು, ಕರಗಿಸುವವರು ಎಂದೂ ಕೊಡುವುದಿಲ್ಲ.

ಅಷ್ಟೆಲ್ಲ ಈಗಲೇ ಆಗದಿದ್ದರೂ ಚಿಂತೆಯಿಲ್ಲ. ಈ ಭಾನುವಾರ ಟ್ರಂಕ್ ತೆಗೆದು ಗಂಟಿಗೆ ಹಾಕಿರುವ ರಬ್ಬರ್ ಬ್ಯಾಂಡ್ ಬಿಚ್ಚಿಡಿ.